ಬಿಸಿಯಾದ ಮೇಲೆ ಸ್ಟಾರ್ಟ್ ಆಗದ ಜಿಟಿಒ: ಕೊಳ್ಳುವ ಮೊದಲು ದೋಷ ಹುಡುಕುವ ಬಗೆ

ಮಾರಾಟಕ್ಕಿರುವುದು 1966ರ ಪಾಂಟಿಯಾಕ್ ಜಿಟಿಒ ಎಂಬ ಹಳೆಯ ಅಮೆರಿಕನ್ ಕಾರು. ಹೊಸ ಬಣ್ಣ, ಹೊಸ ಸೀಟು, ಬಿಚ್ಚಿ ಪೂರ್ತಿ ಹೊಸದಾಗಿ ಕಟ್ಟಿದ 389 ಕ್ಯೂಬಿಕ್ ಇಂಚಿನ ವಿ8 ಇಂಜಿನ್. ಬೆಳಿಗ್ಗೆ ತಣ್ಣಗಿರುವಾಗ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಹಿಡಿಯುತ್ತದೆ. ಅರ್ಧ ಗಂಟೆ ಓಡಿಸಿ, ಪೆಟ್ರೋಲ್ ಬಂಕಿನಲ್ಲಿ ಆಫ್ ಮಾಡಿ, ಕಾಲು ಗಂಟೆ ಬಿಟ್ಟು ಮತ್ತೆ ಕೀ ತಿರುಗಿಸಿದರೆ ‘ಟಕ್’ ಎಂಬ ಒಂದು ಸದ್ದು, ಅಷ್ಟೇ. ಕೆಲವು ಕಾರುಗಳಲ್ಲಿ ಸೆಲ್ಫ್ ಜೋರಾಗಿಯೇ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಒಂದು ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಮಾರುವವರನ್ನು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ಹಳೇ ಕಾರಲ್ಲವೇ, ಬಿಸಿಯಾದರೆ ಎಲ್ಲವೂ ಹೀಗೇ.

ಈ ಮಾತನ್ನು ಒಪ್ಪಬೇಡಿ. 1966ನೇ ಮಾದರಿ ವರ್ಷವೊಂದರಲ್ಲೇ ಪಾಂಟಿಯಾಕ್ 96,946 ಜಿಟಿಒ ಮಾರಿತ್ತು. ಡೆಟ್ರಾಯಿಟ್‌ನಿಂದ ಪಾಂಟಿಯಾಕ್ ಊರಿನ ತನಕ ಹೋಗುವ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ಬೇಸಿಗೆಯ ರಾತ್ರಿಗಳಲ್ಲಿ ಹುಡುಗರು ಇಂಥ ಕಾರುಗಳನ್ನು ಒಂದು ಸಿಗ್ನಲ್ಲಿನಿಂದ ಇನ್ನೊಂದಕ್ಕೆ ಜಿದ್ದಿನಿಂದ ಓಡಿಸಿ, ಡ್ರೈವ್‌ಇನ್ ಹೋಟೆಲುಗಳ ಮುಂದೆ ನಿಲ್ಲಿಸಿ, ತಿಂದು ಕುಡಿದು, ಮತ್ತೆ ಸ್ಟಾರ್ಟ್ ಮಾಡಿಕೊಂಡು ಹೋಗುತ್ತಿದ್ದರು. ಬಿಸಿಯಾದಾಗ ಕೈಕೊಡುವ ಕಾರನ್ನು ಅಷ್ಟೊಂದು ಜನ ಕೊಳ್ಳುತ್ತಿರಲಿಲ್ಲ. ಅಂದಿಗೂ ಇಂದಿಗೂ ಹೊರಗೆ ಬದಲಾಗಿರುವುದು ಪೆಟ್ರೋಲ್ ಮಾತ್ರ. ಮಿಕ್ಕ ಬದಲಾವಣೆಗಳೆಲ್ಲ ಈ ಕಾರಿನ ಒಳಗೆ, ರಿಪೇರಿ ಮಾಡಿ ಹೊಸದಾಗಿಸಿದವರ ಕೈಯಿಂದಲೇ ಆಗಿರುವಂಥವು. ಆದ್ದರಿಂದ ದೋಷವನ್ನು ಅರವತ್ತು ವರ್ಷ ಹಳೆಯ ಕಬ್ಬಿಣದಲ್ಲಿ ಹುಡುಕುವ ಮೊದಲು ಮೊನ್ನೆ ಮೊನ್ನೆ ಮಾಡಿದ ಕೆಲಸದಲ್ಲಿ ಹುಡುಕಬೇಕು. ನನ್ನ ಇಡೀ ವಿಧಾನ ಈ ಒಂದು ಮಾತಿನ ಮೇಲೆ ನಿಂತಿದೆ.

ಡೆಟ್ರಾಯಿಟ್ ಸುತ್ತಮುತ್ತ ಕಾರು ಉದ್ಯಮದಲ್ಲಿರುವ ಕನ್ನಡಿಗರಲ್ಲಿ ಇಂಥ ಕಾರಿನ ಆಸೆ ಇರುವವರು ಇದ್ದಾರೆ. ಕಂಪ್ಯೂಟರ್ ಜೋಡಿಸಿ ದೋಷ ಓದುವ ಕಾಲದವರಿಗೆ ಕಿಡಿಗಾಗಿ ಕರೆಂಟು ಕಡಿಯುವ ಪಾಯಿಂಟು, ಆ ಪಾಯಿಂಟು ಸುಡದಂತೆ ಕಾಯುವ ಕಂಡೆನ್ಸರು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರುಗಳ ಇಂಜಿನ್ ಭಯ ಹುಟ್ಟಿಸಬಹುದು. ಭಯ ಬೇಡ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳನ್ನು ಬಿಚ್ಚಿ ಕಟ್ಟಿದ ನಮ್ಮೂರಿನ ಮೇಸ್ತ್ರಿಗೆ ಈ ವಿ8 ಗುರುತಿನದ್ದೇ. ನಾಲ್ಕರ ಬದಲು ಎಂಟು ಸಿಲಿಂಡರು, ಅಷ್ಟೇ ವ್ಯತ್ಯಾಸ.

ಹೋಗುವ ಮೊದಲು

ನೀವು ಬರುವ ತನಕ ಕಾರನ್ನು ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ತಣ್ಣಗಿದ್ದರೆ ಸರಿ. ಬೆಚ್ಚಗಿದ್ದರೆ ಅಂದಿನ ಪರೀಕ್ಷೆಯಲ್ಲಿ ಅರ್ಧ ಹೋದಂತೆ, ಏಕೆಂದರೆ ತಣ್ಣಗಿದ್ದಾಗ ಹೇಗಿತ್ತು ಎಂಬ ಹೋಲಿಕೆಯೇ ಸಿಗುವುದಿಲ್ಲ.

ಜೊತೆಗೆ ಒಯ್ಯಬೇಕಾದದ್ದು ಒಂದು ಮಲ್ಟಿಮೀಟರ್, ಅದಕ್ಕೆ ಮೊಸಳೆ ಕ್ಲಿಪ್ಪಿನ ಉದ್ದನೆಯ ಎರಡು ವೈರು, ಡಿಸಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್, ಒಂದು ಜೊತೆ ಜಂಪ್ ಕೇಬಲ್, ಕಿಡಿ ನೋಡುವ ಟೆಸ್ಟರ್, ಟೈಮಿಂಗ್ ಲೈಟು, ಟಾರ್ಚು, ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್. ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಖಂಡಿತ ಇರಲಿ, ತೆರೆದ ಕಾರ್ಬ್ಯುರೇಟರಿನ ಪಕ್ಕದಲ್ಲಿ ಕೆಲಸ ಮಾಡುತ್ತೀರಿ.

ಕಾರು ನಿಜವಾದ ಜಿಟಿಒ ಹೌದೋ ಅಲ್ಲವೋ ಎಂಬುದು ಬೇರೆಯದೇ ವಿಷಯ, ಆದರೂ ಎರಡು ಸಾಲು. 1964, 1965ರಲ್ಲಿ ಜಿಟಿಒ ಎಂಬುದು ಟೆಂಪೆಸ್ಟ್ ಲಮಾನ್ಸ್ ಕಾರಿಗೆ ಸೇರಿಸಿಕೊಳ್ಳುವ ಆಯ್ಕೆಯಾಗಿತ್ತು, ಹಾಗಾಗಿ ಫ್ಯಾಕ್ಟರಿ ಕೊಟ್ಟ ಗುರುತಿನ ನಂಬರ್ (ವಿಐಎನ್) ನೋಡಿ ತಿಳಿಯದು. 1966ರಲ್ಲಿ ಅದೇ ಬೇರೆ ಮಾದರಿಯಾಯಿತು, ನಂಬರ್ 242 ಎಂದು ಶುರುವಾಗಬೇಕು. ಶುರುವಾಗದಿದ್ದರೆ ಮೀಟರನ್ನು ಚೀಲದಿಂದ ತೆಗೆಯುವ ಅಗತ್ಯವೇ ಇಲ್ಲ.

ದೋಷ ಕಾಣಿಸಿಕೊಳ್ಳುವಂತೆ ಮಾಡುವುದು

ಮನೆ ಸುತ್ತ ಹತ್ತು ನಿಮಿಷ ಓಡಿಸಿ ವಾಪಸು ತಂದರೆ ಈ ದೋಷ ಕಾಣುವುದೇ ಇಲ್ಲ. ಕನಿಷ್ಠ ಅರ್ಧ ಗಂಟೆ ಓಡಿಸಿ, ಅದರಲ್ಲಿ ಒಂದಿಷ್ಟು ಹೈವೇ ಇರಲಿ. ಆಮೇಲೆ ಆಫ್ ಮಾಡಿ, ಬಾನೆಟ್ ಮುಚ್ಚಿಯೇ ಇಟ್ಟು, ಹದಿನೈದರಿಂದ ಇಪ್ಪತ್ತು ನಿಮಿಷ ಕಾಯಿರಿ. ಈ ಕಾಯುವಿಕೆಯೇ ಮುಖ್ಯ. ಇಂಜಿನ್ ಓಡುವಾಗ ವಾಟರ್ ಪಂಪು, ಫ್ಯಾನು, ಎದುರುಗಾಳಿ ಎಲ್ಲ ಸೇರಿ ಶಾಖವನ್ನು ಹೊತ್ತೊಯ್ಯುತ್ತಿರುತ್ತವೆ. ಆಫ್ ಮಾಡಿದ ಕ್ಷಣದಲ್ಲಿ ಆ ಮೂರೂ ನಿಲ್ಲುತ್ತವೆ. ಎರಕದ ಕಬ್ಬಿಣದಲ್ಲಿ ತುಂಬಿಕೊಂಡ ಶಾಖ ಮೇಲಕ್ಕೂ ಪಕ್ಕಕ್ಕೂ ಹರಡುತ್ತದೆ: ಕಾರ್ಬ್ಯುರೇಟರಿಗೆ, ಕಿಡಿಗೆ ಬೇಕಾದ ಭಾರಿ ವೋಲ್ಟೇಜು ಹುಟ್ಟಿಸುವ ಕಾಯಿಲಿಗೆ, ಎಕ್ಸಾಸ್ಟ್ ಪೈಪಿನ ಮಗ್ಗುಲಲ್ಲಿರುವ ಸೆಲ್ಫ್ ಮೋಟರಿಗೆ. ಈ ಭಾಗಗಳು ಅತಿ ಹೆಚ್ಚು ಬಿಸಿಯಾಗುವುದು ಓಡುವಾಗಲ್ಲ, ನಿಂತ ಕಾಲು ಗಂಟೆಯಲ್ಲಿ.

ಕೆಲವು ಮಾರಾಟಗಾರರು ಬಂಕಿನಲ್ಲಿ ಇಂಜಿನ್ ಆಫ್ ಮಾಡಲು ಬಿಡುವುದಿಲ್ಲ, ‘ಇರಲಿ, ಓಡುತ್ತಿರಲಿ’ ಎನ್ನುತ್ತಾರೆ. ಇನ್ನು ಕೆಲವರು ನಿಲ್ಲಿಸಿದ ತಕ್ಷಣ ಇಂಜಿನ್ ತೋರಿಸುವ ನೆಪದಲ್ಲಿ ಬಾನೆಟ್ ಎತ್ತುತ್ತಾರೆ. ಎರಡನ್ನೂ ನಾನು ದೋಷದ ಲಕ್ಷಣವೆಂದೇ ಲೆಕ್ಕ ಹಿಡಿಯುತ್ತೇನೆ.

ಸಮಯವಾದ ಮೇಲೆ ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಕೀ ತಿರುಗಿಸಿ. ಕಿವಿಗೊಟ್ಟು ಕೇಳಿ. ಒಂದೇ ಟಕ್ ಎಂದೋ, ನಿಧಾನವಾಗಿ ನರಳುತ್ತಲೋ ಇದ್ದರೆ ಕರೆಂಟಿನ ದಾರಿ ನೋಡಬೇಕು. ಸೆಲ್ಫ್ ಎಂದಿನಂತೆ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಪೆಟ್ರೋಲ್ ಅಥವಾ ಕಿಡಿ. ತಿರುಗುತ್ತಾ ತಿರುಗುತ್ತಾ ನಡುವೆ ಗಕ್ಕನೆ ನಿಂತು ಹಿಂದಕ್ಕೆ ಒದ್ದಂತಾದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತಿನ ಹೊಂದಾಣಿಕೆ ತಪ್ಪಿದೆ. ಇಲ್ಲಿ ಸರಿಯಾಗಿ ಕೇಳಿಸಿಕೊಂಡರೆ ಮುಂದಿನ ಕೆಲಸ ಅರ್ಧಕ್ಕಿಳಿಯುತ್ತದೆ. ಕಾರು ತಣಿಯುವ ಮೊದಲೇ ಅಳತೆ ಮುಗಿಸಬೇಕಾದ್ದರಿಂದ ಅದು ದೊಡ್ಡ ಲಾಭ.

ಸೆಲ್ಫ್ ತಿರುಗದಿದ್ದರೆ

ನಾನು ಅತಿ ಹೆಚ್ಚು ಕಂಡಿರುವುದು ಇದನ್ನೇ. ಇದರಲ್ಲೇ ಜನ ಅತಿ ಹೆಚ್ಚು ಹಣ ಸುರಿಯುವುದು. ಮೊದಲು ಹೊಸ ಬ್ಯಾಟರಿ, ಆಮೇಲೆ ಹೊಸ ಸೆಲ್ಫ್, ಆಮೇಲೆ ಇನ್ನೂ ದುಬಾರಿಯ ಸೆಲ್ಫ್. ರಸೀದಿಗಳ ಕಡತವನ್ನು ಕೇಳಿ ಪಡೆದು ಓದಿ. ಒಂದೇ ಭಾಗವನ್ನು ಎರಡು ಮೂರು ಸಲ ಕೊಂಡಿದ್ದರೆ, ಯಾರೂ ಅಳತೆ ಮಾಡದೆ ಊಹೆಯ ಮೇಲೆ ಬದಲಾಯಿಸಿದ್ದಾರೆ ಎಂದು ತಿಳಿಯುತ್ತದೆ.

ಕಾರಣ ಸಾಮಾನ್ಯವಾಗಿ ಬಣ್ಣ. ಫ್ಯಾಕ್ಟರಿಯಲ್ಲಿ ಅರ್ತ್ ವೈರುಗಳು (ಬ್ಯಾಟರಿಯ ನೆಗೆಟಿವನ್ನು ಇಂಜಿನ್ನಿಗೂ ಬಾಡಿಗೂ ಜೋಡಿಸುವ ವೈರುಗಳು) ಬರಿಯ ಲೋಹಕ್ಕೆ ಬಿಗಿದಿದ್ದವು. ಹೊಸದಾಗಿ ಕಟ್ಟುವವರು ಬ್ಲಾಕಿಗೆ ಪಾಂಟಿಯಾಕ್ ನೀಲಿ ಬಣ್ಣವನ್ನು ದಪ್ಪಗೆ ಬಳಿಯುತ್ತಾರೆ, ಬ್ರಾಕೆಟ್ಟುಗಳಿಗೆ ಪೌಡರ್ ಕೋಟಿಂಗ್ ಮಾಡಿಸುತ್ತಾರೆ, ಇಂಜಿನ್ನಿಗೂ ಸೀಟುಗಳಿಗೂ ನಡುವಿನ ಗೋಡೆಯಾದ ಫೈರ್‌ವಾಲಿಗೆ ಹೊಳೆಯುವ ಕಪ್ಪು ಬಳಿಯುತ್ತಾರೆ. ಆಮೇಲೆ ಅದರ ಮೇಲೆಯೇ ಅರ್ತ್ ಕೇಬಲ್ ಬಿಗಿಯುತ್ತಾರೆ. ಬಣ್ಣ ಕರೆಂಟು ಬಿಡುವುದಿಲ್ಲ. ಬೋಲ್ಟಿನ ಎಳೆಗಳ ಮೂಲಕ ಒಂದಿಷ್ಟು ಹರಿಯುತ್ತದೆ, ದೀಪ ಹಾರನ್‌ಗಳಿಗೆ ಅಷ್ಟು ಸಾಕು. ಇನ್ನೂರು ಆಂಪ್‌ನ ಆಸುಪಾಸು ಬೇಡುವ ಸೆಲ್ಫ್ ಮೋಟರಿಗೆ ಸಾಲದು. ಇಂಜಿನ್‌ನಿಂದ ಫೈರ್‌ವಾಲಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯನ್ನು ‘ಇದೇನು, ಅಂದಗೇಡಿ’ ಎಂದು ಎಸೆದಿರುವುದೂ ಉಂಟು.

ಹಾಗಾದರೆ ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಯಿತು? ಸೆಲ್ಫ್ ಮೇಲೆ ಕೂತು ಅದಕ್ಕೆ ಕರೆಂಟು ಬಿಡುವ ಸ್ವಿಚ್ಚೇ ಸೊಲೆನಾಯ್ಡ್, ಅದರ ಒಳಗಿನ ಸುರುಳಿ ತಾಮ್ರದ್ದು. ಬಿಸಿಯಾದ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತಾಮ್ರದ ತಡೆ ಸುಮಾರು 0.39 ಶೇಕಡಾ ಏರುತ್ತದೆ. 20 ಡಿಗ್ರಿಯಿಂದ 100ಕ್ಕೆ ಹೋದರೆ 31 ಶೇಕಡಾ. ಅಂದರೆ ಅದೇ ವೋಲ್ಟೇಜಿಗೆ ಸುರುಳಿಯಲ್ಲಿ ಹರಿಯುವ ಕರೆಂಟು ಹತ್ತಿರ ಹತ್ತಿರ ಕಾಲು ಭಾಗ ಕಡಿಮೆ, ಎಳೆಯುವ ಬಲವೂ ಕಡಿಮೆ. ಜೊತೆಗೆ 10.75ಕ್ಕೆ 1ರ ಕಂಪ್ರೆಶನ್ ಇರುವ ಬಿಸಿ ಇಂಜಿನ್ ತಿರುಗಲು ಮೊಂಡು ಹಿಡಿಯುತ್ತದೆ. ಕೆಟ್ಟ ಅರ್ತ್ ಬೆಳಿಗ್ಗೆಯೂ ಇತ್ತು, ಆದರೆ ಅಷ್ಟರಲ್ಲಿ ಹೇಗೋ ನಡೆಯುತ್ತಿತ್ತು. ಶಾಖ ಆ ಉಳಿಕೆಯನ್ನು ತಿಂದುಹಾಕಿತು. ಫ್ಯಾಕ್ಟರಿಯಿಂದ ಬಂದ ಕಾರಿನಲ್ಲೂ ಶಾಖ ಇಷ್ಟೇ ಇತ್ತು, ಆದರೆ ಅದನ್ನು ತಾಳಿಕೊಳ್ಳುವಷ್ಟು ವೋಲ್ಟೇಜು ಮೋಟರಿಗೆ ತಲುಪುತ್ತಿತ್ತು.

ಪತ್ತೆಗೆ ಅತಿ ಚುರುಕಾದ ದಾರಿ ಜಂಪ್ ಕೇಬಲ್. ಅದರ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ. ಆಲ್ಟರ್ನೇಟರ್ ಬ್ರಾಕೆಟ್ಟಿನ ಬೇಡ, ಬ್ಲಾಕಿಗೆ ನೇರ ಬಿಗಿದ ದಪ್ಪ ಬೋಲ್ಟ್ ತಲೆ ಆಗಬಹುದು. ಕೀ ತಿರುಗಿಸಿ. ಈಗ ಸೆಲ್ಫ್ ಗರಗರ ತಿರುಗಿದರೆ ದೋಷ ಸಿಕ್ಕಿತು. ಮಾರುವವರ ಕಣ್ಣೆದುರೇ ಸಿಕ್ಕಿತು ಎಂಬುದು ಇನ್ನೂ ಒಳ್ಳೆಯದು.

ತಿರುಗದಿದ್ದರೆ ಮೀಟರ್ ಹಿಡಿಯಿರಿ. ಇಂಜಿನ್ ಹಿಡಿಯದಂತೆ ಕಾಯಿಲಿನ ನಡುವಿನ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರ್ ಕಡೆಯಿಂದ ಕಿತ್ತು ಬ್ಲಾಕಿಗೆ ತಾಗಿಸಿಡಿ. ಒಬ್ಬರು ಕೀ ತಿರುಗಿಸಿ ಹಿಡಿದಿರಲಿ, ನೀವು ಓದಿ. ಮೊದಲು ಬ್ಯಾಟರಿಯ ಸೀಸದ ಕಂಬಗಳ ನಡುವೆ. ಮೇಲಿನ ಕ್ಲ್ಯಾಂಪಿನ ಮೇಲಲ್ಲ, ಕಂಬದ ಮೇಲೆಯೇ. ತಿರುಗುವಾಗ 9.6 ವೋಲ್ಟ್‌ಗಿಂತ ಕೆಳಗೆ ಬೀಳಬಾರದು. ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಮೋಟರು ವಿಪರೀತ ಎಳೆಯುತ್ತಿದೆ. ಟಕ್ ಎನ್ನುವಾಗಲೂ 12ರ ಮೇಲೆಯೇ ನಿಂತಿದ್ದರೆ ಕರೆಂಟು ಮೋಟರಿಗೆ ಹೋಗುತ್ತಲೇ ಇಲ್ಲ. ಆಮೇಲೆ ನೆಗೆಟಿವ್ ಕಂಬದಿಂದ ಬ್ಲಾಕಿಗೆ: 0.2 ವೋಲ್ಟ್ ದಾಟಬಾರದು. ಪಾಸಿಟಿವ್ ಕಂಬದಿಂದ ಸೆಲ್ಫ್ ಮೇಲಿನ ದಪ್ಪ ಸ್ಟಡ್ಡಿಗೆ: ಅರ್ಧ ವೋಲ್ಟಿನ ಒಳಗಿರಬೇಕು. ಇಲ್ಲಿ ಹೆಚ್ಚು ಬಂದರೆ ಕೇಬಲ್ ತೆಗೆದು ನೋಡಿ. ಹೊರಗೆ ಹೆಬ್ಬೆರಳಷ್ಟು ದಪ್ಪ ರಬ್ಬರು, ಒಳಗೆ ಪೆನ್ಸಿಲ್ ಕಡ್ಡಿಯಷ್ಟು ತಾಮ್ರ ಇರುವ ಅಗ್ಗದ ಕೇಬಲುಗಳು ಬರುತ್ತವೆ.

ಕೊನೆಯದು ಸೊಲೆನಾಯ್ಡಿನ ಎಸ್ ಎಂಬ ಸಣ್ಣ ಸ್ಟಡ್ಡು, ನೇರಳೆ ಬಣ್ಣದ ವೈರು ಬಂದು ಸೇರುವ ಜಾಗ. ಈ ವೈರಿನ ದಾರಿ ಬಹಳ ಸುತ್ತು: ಬಾನೆಟ್ ಒಳಗಿಂದ ಫೈರ್‌ವಾಲಿನ ಕನೆಕ್ಟರ್ ದಾಟಿ ಕೀ ಸ್ವಿಚ್ಚಿಗೆ, ಆಟೊಮ್ಯಾಟಿಕ್ ಗೇರಿನ ಕಾರಾದರೆ ನ್ಯೂಟ್ರಲ್ ಸ್ವಿಚ್ಚಿಗೆ, ಮತ್ತೆ ಅದೇ ಕನೆಕ್ಟರ್ ಮೂಲಕ ಹೊರಕ್ಕೆ. ಪ್ರತಿ ಕೀಲಿನಲ್ಲೂ ಒಂದಿಷ್ಟು ಸೋರುತ್ತದೆ. ಇಂಜಿನ್ ಪಳಪಳ ಹೊಳೆಯುತ್ತಿದ್ದರೂ ಫೈರ್‌ವಾಲಿನ ಹಿಂದೆ ಹಳೆಯ, ಹಸಿರು ಕಿಲುಬು ಹಿಡಿದ ಕನೆಕ್ಟರೇ ಉಳಿದಿರುವುದುಂಟು. ಬ್ಯಾಟರಿಯಲ್ಲಿರುವ ವೋಲ್ಟೇಜಿಗಿಂತ ಇಲ್ಲಿ ಒಂದು ವೋಲ್ಟಿಗಿಂತ ಜಾಸ್ತಿ ಇಳಿಕೆ ಕಂಡರೆ ಆ ದಾರಿಯನ್ನು ತುಂಡು ತುಂಡಾಗಿ ಅಳೆಯಬೇಕು. ಇದಕ್ಕೆ ಕೆಳಗೆ ನುಗ್ಗಬೇಕಾಗುತ್ತದೆ. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ, ಸ್ಟ್ಯಾಂಡ್ ಇಲ್ಲದಿದ್ದರೆ ಈ ಅಳತೆಯನ್ನು ಗ್ಯಾರೇಜಿಗೆ ಬಿಡಿ.

ನಾಲ್ಕೂ ಅಳತೆ ಸರಿ ಬಂದು, ಮೋಟರು ಮಾತ್ರ ತಿರುಗದಿದ್ದರೆ ಆಗ ಸೆಲ್ಫ್ ಬಿಚ್ಚುವ ಮಾತು. ಎರಕದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ತೆಗೆದು ತೆಳು ಪೈಪಿನ ಹೆಡರ್ ಹಾಕಿದ್ದಾರೆಯೇ ನೋಡಿ. ಪೈಪು ಸೊಲೆನಾಯ್ಡಿಗೆ ಬೆರಳು ತೂರದಷ್ಟು ಹತ್ತಿರವಿದ್ದರೆ ನಡುವೆ ತಗಡಿನ ಮರೆ ಬೇಕೇ ಬೇಕು.

ಕ್ಲ್ಯಾಂಪ್ ಮೀಟರು 300 ಆಂಪ್ ದಾಟಿ ತೋರಿಸುತ್ತಿದ್ದರೆ ವಿಷಯ ಗಂಭೀರ. ಹೊಸದಾಗಿ ಕಟ್ಟಿದ ಇಂಜಿನ್ ಮೊದಲ ಕೆಲವು ನೂರು ಮೈಲಿ ಸ್ವಲ್ಪ ಬಿಗಿಯಾಗಿರುವುದು ಸಹಜ. ಆದರೆ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಬಿಸಿಯಿರುವಾಗಲೇ ಕ್ರ್ಯಾಂಕ್ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಕೈಯಿಂದ ತಿರುಗಿಸಿದಾಗ ಒಂದು ಜಾಗದಲ್ಲಿ ಸಿಕ್ಕಿಹಾಕಿಕೊಂಡಂತೆ ಆದರೆ ಬೇರಿಂಗುಗಳಲ್ಲಿ ಸಡಿಲವಿಲ್ಲ ಎಂದರ್ಥ. ಆ ಕಾರನ್ನು ಬಿಟ್ಟು ಬನ್ನಿ.

ತಿರುಗುತ್ತದೆ, ಹಿಡಿಯುವುದಿಲ್ಲ

ಮೊದಲು ಏರ್ ಕ್ಲೀನರ್ ತೆಗೆದು ಟಾರ್ಚ್ ಬಿಟ್ಟು ಕಾರ್ಬ್ಯುರೇಟರಿನ ಗಂಟಲೊಳಗೆ ನೋಡಿ. ಆಗ ಯಾರೂ ಕೀ ತಿರುಗಿಸುತ್ತಿರಬಾರದು, ಬ್ಯಾಕ್‌ಫೈರ್ ಆದರೆ ಮುಖ ಸುಡುತ್ತದೆ. 1966ರ ನಾಲ್ಕು ಬ್ಯಾರೆಲ್ ಕಾರಿಗೆ ಕಾರ್ಟರ್ ಎಎಫ್‌ಬಿ, ಟ್ರೈಪವರ್ ಕಾರಿಗೆ ಎರಡೆರಡು ಬ್ಯಾರೆಲ್ಲಿನ ಮೂರು ರಾಚೆಸ್ಟರ್ ಕಾರ್ಬ್ಯುರೇಟರುಗಳು. ಇಂಜಿನ್ ನಿಂತಿದ್ದರೂ ಒಳಗಿನ ನಳಿಕೆಗಳಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ, ವಾಸನೆ ಘಾಟು ಹೊಡೆಯುತ್ತಿದ್ದರೆ ಪೆಟ್ರೋಲ್ ಕುದಿದು ಉಕ್ಕಿದೆ. ಖಚಿತಪಡಿಸಿಕೊಳ್ಳಲು ಆಕ್ಸಿಲರೇಟರನ್ನು ನೆಲದ ತನಕ ಒಂದೇ ಸಲ ಒತ್ತಿ ಹಿಡಿದುಕೊಂಡು ಸೆಲ್ಫ್ ಹೊಡೆಯಿರಿ. ಪಂಪ್ ಮಾಡಬಾರದು, ಮಾಡಿದರೆ ಇನ್ನಷ್ಟು ಪೆಟ್ರೋಲ್ ಚಿಮ್ಮುತ್ತದೆ. ಕೆಲವು ಸುತ್ತಿನ ನಂತರ ಕಪ್ಪು ಹೊಗೆಯೊಂದಿಗೆ ಹಿಡಿದರೆ ಸಂಶಯವೇ ಇಲ್ಲ.

ಪೆಟ್ರೋಲಿನ ಹಗುರ ಅಂಶಗಳು ಮೈಯ ಬಿಸಿಯ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಇಂದು ಅಮೆರಿಕದ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಹತ್ತು ಶೇಕಡಾ ಎಥನಾಲ್ ಇರುತ್ತದೆ. ಅದು ಸೇರಿದರೆ ಆವಿಯಾಗುವ ಗುಣ ಇನ್ನೂ ಹೆಚ್ಚು. ಚಳಿಗಾಲದ ಪೆಟ್ರೋಲನ್ನಂತೂ ಬೇಗ ಆವಿಯಾಗಲೆಂದೇ ಬೇರೆ ಹದದಲ್ಲಿ ಮಾಡುತ್ತಾರೆ. ಬಂಕುಗಳಲ್ಲಿ ಬೇಸಿಗೆಯ ನಿಯಮ ಜಾರಿಯಲ್ಲಿರುವುದು ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ. ಏಪ್ರಿಲ್‌ನಲ್ಲೋ ಅಕ್ಟೋಬರ್‌ನಲ್ಲೋ ಅನಿರೀಕ್ಷಿತ ಸೆಖೆಯ ದಿನ ಬಂದರೆ ಟ್ಯಾಂಕಿನಲ್ಲಿ ಚಳಿಗಾಲದ ಪೆಟ್ರೋಲ್, ಹೊರಗೆ ಬೇಸಿಗೆಯ ಬಿಸಿಲು. ಅಂಥ ದಿನ ಕಾರು ಉಕ್ಕಿದರೆ ಅದನ್ನೇ ಹಿಡಿದು ತೀರ್ಪು ಕೊಡಬೇಡಿ, ಮಾರುವವರು ಕೊನೆಯ ಸಲ ಯಾವಾಗ ತುಂಬಿಸಿದರು ಎಂದು ಕೇಳಿ. ಇದೊಂದು ವಿಷಯದಲ್ಲಿ ‘ಹಳೇ ಕಾರು, ಹೀಗೇ’ ಎಂಬ ಮಾತಿಗೆ ಒಂದಿಷ್ಟು ಆಧಾರವಿದೆ.

ಆಮೇಲೆ ಕೈಕೆಲಸ ನೋಡಿ. ಕಾರ್ಬ್ಯುರೇಟರಿನ ಅಡಿಯ ದಪ್ಪ ಶಾಖತಡೆ ಗ್ಯಾಸ್ಕೆಟ್ ಇದೆಯೇ, ಅಥವಾ ಕಾಗದದಂಥ ತೆಳು ಗ್ಯಾಸ್ಕೆಟ್ ಹಾಕಿ ಮುಗಿಸಿದ್ದಾರೆಯೇ? ಪೆಟ್ರೋಲ್ ಪೈಪು ಬ್ಲಾಕಿಗೋ ಇನ್‌ಟೇಕಿಗೋ ತಾಗಿಕೊಂಡಿದೆಯೇ? ಎಕ್ಸಾಸ್ಟ್ ಮ್ಯಾನಿಫೋಲ್ಡಿನ ತುದಿಯಲ್ಲಿ ಶಾಖ ತಿರುಗಿಸುವ ಒಂದು ಸಣ್ಣ ಕವಾಟವಿರುತ್ತದೆ. ಚಳಿಯಲ್ಲಿ ಬಿಸಿ ಹೊಗೆಯನ್ನು ಇನ್‌ಟೇಕಿನ ನಡುವಿನ ದಾರಿಗೆ ಕಳಿಸಿ ಕಾರ್ಬ್ಯುರೇಟರನ್ನು ಬೆಚ್ಚಗಿಡುವುದು ಅದರ ಕೆಲಸ, ಇಂಜಿನ್ ಬಿಸಿಯಾದ ಮೇಲೆ ತೆರೆದುಕೊಳ್ಳಬೇಕು. ತುಕ್ಕು ಹಿಡಿದು ಮುಚ್ಚಿದಂತೆಯೇ ಕಚ್ಚಿಕೊಂಡರೆ ಕಾರ್ಬ್ಯುರೇಟರಿನ ಅಡಿಗೆ ಒಲೆ ಹಚ್ಚಿಟ್ಟಂತೆ. ಅದರ ತೂಕದ ತುಂಡನ್ನು ತಣ್ಣಗಿರುವಾಗ ಬೆರಳಿನಿಂದ ಆಡಿಸಿ ನೋಡಿ, ಸಲೀಸಾಗಿ ಆಡಬೇಕು. ಪಂಪಿನ ಒತ್ತಡವನ್ನೂ ಅಳೆಯಿರಿ. ಚದರ ಇಂಚಿಗೆ ಇಷ್ಟು ಪೌಂಡು ಎಂಬ ಲೆಕ್ಕದಲ್ಲಿ ಐದು ಆರರ ಒಳಗಿದ್ದರೆ ಸರಿ. ಕೆಲವು ಹೊಸ ಪಂಪುಗಳು ಏಳು ಎಂಟರ ತನಕ ದೂಡುತ್ತವೆ, ಕಾರ್ಬ್ಯುರೇಟರಿನ ಸೂಜಿ ತಡೆಯಲಾರದೆ ಸೋರುತ್ತದೆ.

ಗಂಟಲು ಒಣಗಿದ್ದು, ಕೈಯಿಂದ ಥ್ರಾಟಲ್ ಎಳೆದರೂ ಪೆಟ್ರೋಲ್ ಚಿಮ್ಮದಿದ್ದರೆ ಉಲ್ಟಾ ಕಾಯಿಲೆ: ಪೈಪಿನಲ್ಲೋ ಪಂಪಿನಲ್ಲೋ ಆವಿ ಕಟ್ಟಿಕೊಂಡು ಪೆಟ್ರೋಲ್ ಬರುತ್ತಿಲ್ಲ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಕಾಯುತ್ತಿದ್ದ ಚಾಲಕರನ್ನು ನೋಡಿದವರಿಗೆ ಇದು ಗೊತ್ತು. ಇಲ್ಲಿಯೂ ಪರೀಕ್ಷೆ ಅದೇ: ಪಂಪು ಮತ್ತು ಪೈಪಿನ ಮೇಲೆ ತಣ್ಣೀರಿನ ಬಟ್ಟೆ ಹಾಕಿ. ಐದು ನಿಮಿಷದಲ್ಲಿ ಪೆಟ್ರೋಲ್ ಬಂದರೆ ಪತ್ತೆಯಾಯಿತು.

ಕಿಡಿ

ಪೆಟ್ರೋಲ್ ಚಿಮ್ಮುತ್ತಿದೆ, ಉಕ್ಕಿಲ್ಲ, ಆದರೂ ಹಿಡಿಯುತ್ತಿಲ್ಲ ಎಂದಾದರೆ ಟೆಸ್ಟರ್ ಹಾಕಿ ಕಿಡಿ ನೋಡಿ. ಬಿಸಿಯಿರುವಾಗಲೇ ನೋಡಬೇಕು. ಕಿಡಿ ಹಳದಿಯಾಗಿ, ತೆಳ್ಳಗೆ ಬಂದರೆ ಅಥವಾ ಬರದೇ ಹೋದರೆ ಕಾಯಿಲ್ ಮೇಲೆ ತಣ್ಣನೆಯ ಒದ್ದೆ ಬಟ್ಟೆ ಸುತ್ತಿ ಮತ್ತೆ ನೋಡಿ. ಚೇತರಿಸಿಕೊಂಡರೆ ಕಾಯಿಲ್ ಬಿಸಿಗೆ ಒಳಗೇ ಕೈಕೊಡುತ್ತಿದೆ. ಆದರೆ ಹೊಸ ಕಾಯಿಲ್ ಏಕೆ ಕೆಟ್ಟಿತು ಎಂದು ಕೇಳದೆ ಬದಲಾಯಿಸಬೇಡಿ.

ಈ ಕಾರುಗಳಲ್ಲಿ ಕೀ ಸ್ವಿಚ್ಚಿನಿಂದ ಕಾಯಿಲಿಗೆ ಬರುವ ವೈರೇ ತಡೆಯ ವೈರು. ಅದು ವೋಲ್ಟೇಜನ್ನು ಕಡಿಮೆ ಮಾಡಿ ಕೊಡುತ್ತದೆ, ಪಾಯಿಂಟುಗಳು ಸುಡದಿರಲೆಂದು. ಸೆಲ್ಫ್ ತಿರುಗುವಾಗ ಮಾತ್ರ ಸೊಲೆನಾಯ್ಡಿನ ಆರ್ ಸ್ಟಡ್ಡಿನಿಂದ ಇನ್ನೊಂದು ವೈರು ಪೂರ್ತಿ ವೋಲ್ಟೇಜು ತಂದು ಕೊಡುತ್ತದೆ. ಹೊಸ ವೈರಿಂಗ್ ಹಾಕುವಾಗ ಈ ಏರ್ಪಾಡು ಎರಡು ರೀತಿಯಲ್ಲಿ ಹಾಳಾಗುತ್ತದೆ. ತಡೆಯ ವೈರಿನ ಬದಲು ಸಾದಾ ವೈರು ಎಳೆದರೆ ಪಾಯಿಂಟು, ಕಾಯಿಲ್ ಎರಡೂ ಬಿಸಿಯಾಗಿ ಬೇಗ ಸಾಯುತ್ತವೆ. ಇದಕ್ಕೆ ವಿರುದ್ಧವಾಗಿ, ಪಾಯಿಂಟು ತೆಗೆದು ಪೂರ್ತಿ 12 ವೋಲ್ಟ್ ಬೇಡುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸಿ ತಡೆಯ ವೈರಿನಿಂದಲೇ ಕರೆಂಟು ಕೊಟ್ಟರೆ ತಣ್ಣಗಿರುವಾಗ ಹೇಗೋ ನಡೆದು ಬಿಸಿಯಲ್ಲಿ ಕೈಕೊಡುತ್ತದೆ.

ಅಳೆಯುವಾಗ ಬಹಳ ಜನ ಎಡವುವ ಒಂದು ಜಾಗವಿದೆ. ಕೀ ಆನ್ ಮಾಡಿ ಕಾಯಿಲ್ ಪಾಸಿಟಿವ್‌ನಲ್ಲಿ 12 ವೋಲ್ಟ್ ಕಂಡ ಕೂಡಲೇ ತಡೆಯ ವೈರಿಲ್ಲ ಎಂದು ತೀರ್ಮಾನಿಸುತ್ತಾರೆ. ಪಾಯಿಂಟು ತೆರೆದಿದ್ದರೆ ಕರೆಂಟೇ ಹರಿಯುವುದಿಲ್ಲ, ಆಗ ತಡೆಯ ವೈರಿದ್ದರೂ ಪೂರ್ತಿ 12 ಕಾಣುತ್ತದೆ. ಇಂಜಿನ್ನನ್ನು ಚೂರು ತಿರುಗಿಸಿ ಪಾಯಿಂಟು ಮುಚ್ಚಿದ ಸ್ಥಿತಿಗೆ ತಂದು ಓದಬೇಕು. ಆಗ ಐದರಿಂದ ಎಂಟರ ನಡುವೆ ಇಳಿದರೆ ವೈರು ಸರಿಯಿದೆ, 12ರ ಹತ್ತಿರವೇ ನಿಂತರೆ ಇಲ್ಲ. ಓದಿ ಮುಗಿದ ಕೂಡಲೇ ಕೀ ಆಫ್ ಮಾಡಿ, ಇಲ್ಲದಿದ್ದರೆ ನೀವೇ ಕಾಯಿಲನ್ನು ಬೇಯಿಸುತ್ತೀರಿ.

ಕಂಡೆನ್ಸರನ್ನೂ ಬಿಡಬೇಡಿ. 0.18ರಿಂದ 0.23 ಮೈಕ್ರೋಫ್ಯಾರಡ್ ಇರಬೇಕು, ಬಿಸಿಯಾದಾಗಲೂ. ಈಗ ಬರುವ ಹೊಸ ಕಂಡೆನ್ಸರುಗಳಲ್ಲಿ ಕಳಪೆ ಮಾಲು ಬಹಳ. ಬಳಸಿಯೂ ಸರಿಯಿರುವ ಹಳೆಯದೊಂದು ಸಿಕ್ಕರೆ ನಾನು ಅದನ್ನೇ ನಂಬುತ್ತೇನೆ.

ಟೈಮಿಂಗ್ ವಿಷಯ ಚಿಕ್ಕದು. ಈ ಇಂಜಿನ್ನಿಗೆ ಐಡಲ್‌ನಲ್ಲಿ, ವ್ಯಾಕ್ಯೂಮ್ ಪೈಪು ಕಳಚಿ, 6 ಡಿಗ್ರಿ ಮುಂಗಡ, ಅಂದರೆ ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ಅಷ್ಟು ಮೊದಲೇ ಕಿಡಿ. ಚುರುಕಾಗಿ ಎಳೆಯಲೆಂದು ಹದಿನಾಲ್ಕು ಹದಿನೈದಕ್ಕೆ ಏರಿಸಿಟ್ಟಿದ್ದರೆ ಬಿಸಿಯಲ್ಲಿ ಸೆಲ್ಫಿಗೆ ಹಿಂದಕ್ಕೆ ಒದೆ ಬೀಳುತ್ತದೆ. ಟೈಮಿಂಗ್ ಲೈಟಿನಲ್ಲಿ ಸರಿ ಕಂಡೂ ಒದೆಯುತ್ತಿದ್ದರೆ ಗುರುತೇ ಸುಳ್ಳು ಹೇಳುತ್ತಿರಬಹುದು: ಕ್ರ್ಯಾಂಕ್ ಮುಂದಿನ ಬ್ಯಾಲೆನ್ಸರಿನ ಹೊರ ಉಂಗುರವನ್ನು ಹಿಡಿದಿರುವುದು ರಬ್ಬರು, ವಯಸ್ಸಾದಂತೆ ಉಂಗುರ ಜಾರುತ್ತದೆ. ಒಂದನೇ ಸಿಲಿಂಡರಿಗೆ ಪಿಸ್ಟನ್ ತಡೆಯುವ ಬೋಲ್ಟ್ ಹಾಕಿ ನಿಜವಾದ ಮೇಲ್ತುದಿಯನ್ನು ಹುಡುಕಿದರೆ ತಿಳಿಯುತ್ತದೆ.

ಊರುಗೋಲುಗಳು

ಮೀಟರ್ ತೆಗೆಯುವ ಮೊದಲೇ ಬಾನೆಟ್ ಒಳಗೆ ಕೆಲವು ವಸ್ತುಗಳು ಕತೆ ಹೇಳುತ್ತವೆ. ಮಡ್‌ಗಾರ್ಡಿನ ಒಳಬದಿಗೆ ಫೋರ್ಡ್ ಮಾದರಿಯ ಪ್ರತ್ಯೇಕ ಸೊಲೆನಾಯ್ಡ್ ಬಿಗಿದಿದ್ದರೆ ಎಸ್ ಸ್ಟಡ್ಡಿಗೆ ವೋಲ್ಟೇಜು ಸಾಲದೆ ಯಾರೋ ಅಡ್ಡದಾರಿ ಹಿಡಿದಿದ್ದಾರೆ. ಅದರಿಂದ ಕಾರು ಸ್ಟಾರ್ಟ್ ಆಗಬಹುದು, ಆದರೆ ಕಿಲುಬು ಹಿಡಿದ ಕನೆಕ್ಟರ್ ಅಲ್ಲೇ ಉಳಿದಿರುತ್ತದೆ, ಮುಂದೊಂದು ದಿನ ದೀಪಗಳನ್ನೋ ಇಗ್ನಿಷನ್ನನ್ನೋ ಕೆಡಿಸುತ್ತದೆ. ಪೆಟ್ರೋಲ್ ಪೈಪಿನುದ್ದಕ್ಕೂ ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಸಿಕ್ಕಿಸುವುದು ಅಮೆರಿಕದ ಹಳೆಯ ಮನೆಮದ್ದು. ಕ್ಲಿಪ್ಪು ತೆಗೆದಿಟ್ಟಿದ್ದರೂ ಬಣ್ಣದ ಮೇಲೆ ಅದರ ಕಚ್ಚು ಉಳಿದಿರಬಹುದು. ಡ್ಯಾಶ್‌ಬೋರ್ಡಿನ ಕೆಳಗೆ ಗುಟ್ಟಾದ ಸ್ಟಾರ್ಟ್ ಬಟನ್, ಟ್ಯಾಂಕಿನ ಹತ್ತಿರ ಎಲೆಕ್ಟ್ರಿಕ್ ಪಂಪು ಕಂಡರೂ ಯಾಕೆ ಎಂದು ಕೇಳಿ.

ಇಂಜಿನ್ ನಿಜಕ್ಕೂ ಮಿತಿಮೀರಿ ಬಿಸಿಯಾಗುತ್ತಿದ್ದರೆ ಮೇಲಿನದೆಲ್ಲ ಆಮೇಲೆ. ಥರ್ಮೋಸ್ಟಾಟ್ ಡಬ್ಬಿಯ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿ. 180, 190 ಫ್ಯಾರನ್‌ಹೀಟ್ ಸುತ್ತ ನಿಲ್ಲಬೇಕು, 220 ದಾಟಿ ಏರುತ್ತಲೇ ಹೋದರೆ ತಂಪಿನ ವ್ಯವಸ್ಥೆಯ ಕಡೆ ಹೊರಳಿ. ಪಾಂಟಿಯಾಕ್ ಇಂಜಿನ್ನಿಗೇ ಸೇರಿದ ಒಂದು ಕಾರಣ ಇದೆ. ವಾಟರ್ ಪಂಪಿನ ಹಿಂದೆ ನೀರು ಹೋಗುವ, ಬರುವ ದಾರಿಗಳನ್ನು ಬೇರೆ ಮಾಡುವ ತಗಡಿನ ಪ್ಲೇಟು ಇರುತ್ತದೆ. ಪಂಪಿನ ರೆಕ್ಕೆಗೂ ಆ ಪ್ಲೇಟಿಗೂ ಅಂತರ ಹೆಚ್ಚಾದರೆ ನೀರು ಒಳಗೇ ಸುತ್ತುತ್ತದೆ. ಹೊಸ ಪಂಪು ಹಾಕುವವರಲ್ಲಿ ಹಲವರು ಈ ಅಂತರ ನೋಡುವುದೇ ಇಲ್ಲ. ಪ್ಲೇಟನ್ನು ಹದವಾಗಿ ತಟ್ಟಿ ರೆಕ್ಕೆಗೆ ತಾಗದಂತೆ ಹತ್ತಿರ ತರಬೇಕು.

ಬೆಲೆಗೆ ಕೂರುವಾಗ

ಅರ್ತ್, ಕೇಬಲ್, ಕನೆಕ್ಟರ್, ಕಾಯಿಲ್, ಗ್ಯಾಸ್ಕೆಟ್ ದೋಷಗಳೆಲ್ಲ ಇಂಥ ಕಾರಿನ ಬೆಲೆಯ ಮುಂದೆ ಸಣ್ಣ ಖರ್ಚು. ಅವುಗಳಿಗಾಗಿ ಒಳ್ಳೆಯ ಕಾರನ್ನು ಬಿಡಬೇಡಿ. ವೈರಿಂಗ್ ಪೂರ್ತಿ ಹೊಸದು ಬೇಕೆಂದಾದರೆ ಕೂಲಿ ಸೇರಿಸಿ ಬೆಲೆಯಲ್ಲಿ ಇಳಿಸಿ ಕೇಳಿ. ಬೇರಿಂಗ್ ಬಿಗಿಯಾದದ್ದು ಮಾತ್ರ ಬೇರೆ ವರ್ಗ, ಅದಕ್ಕೆ ಇಂಜಿನ್ ಮತ್ತೆ ಬಿಚ್ಚಬೇಕು.

‘ನಾನೇ ಸರಿಮಾಡಿಸಿ ಕೊಡುತ್ತೇನೆ’ ಎಂದು ಮಾರುವವರು ಹೇಳಿದರೆ, ಏನು ಮಾಡಬೇಕೆಂದು ನೀವೇ ಬರೆದು ಕೊಡಿ: ಬ್ಲಾಕಿನ ಅರ್ತ್ ಜಾಗದಲ್ಲಿ ಬಣ್ಣ ಕೆರೆದು ಲೋಹ ಕಾಣಿಸಬೇಕು, ಹಲ್ಲಿರುವ ವಾಷರ್ ಹಾಕಬೇಕು, ಬಿಗಿದ ಮೇಲೆ ತುಕ್ಕು ಬಾರದಂತೆ ಗ್ರೀಸ್ ಹಚ್ಚಬೇಕು, ಹೆಣೆದ ಪಟ್ಟಿಯನ್ನು ಫೈರ್‌ವಾಲಿಗೆ ಮತ್ತೆ ಕೂರಿಸಬೇಕು. ಸರಿಯಾಯಿತು ಎಂದು ಕರೆ ಬಂದಾಗ ಸೆಖೆಯ ದಿನವನ್ನೇ ಆರಿಸಿಕೊಂಡು ಹೋಗಿ, ಮತ್ತೆ ಅರ್ಧ ಗಂಟೆ ಓಡಿಸಿ, ಬಾನೆಟ್ ಮುಚ್ಚಿ ಇಪ್ಪತ್ತು ನಿಮಿಷ ಕಾಯ್ದು, ನೆಗೆಟಿವ್ ಕಂಬಕ್ಕೂ ಬ್ಲಾಕಿಗೂ ಮೀಟರ್ ಕಚ್ಚಿಸಿಟ್ಟುಕೊಂಡೇ ಕೀ ತಿರುಗಿಸಿ. ಮೀಟರು 0.2ರ ಒಳಗೆ ನಿಂತು, ಇಂಜಿನ್ನೂ ಹಿಡಿದರೆ ಚೆಕ್ ಬರೆಯಿರಿ.